ಕೂತವರ ಅಳತೆ

ಅವರ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಹರೆಯದಲ್ಲಿ ಉಳಿ ಜಾರಿ ಬಿದ್ದ ಪೆಟ್ಟಂತೆ. ಗಾಯ ಮಾಯ್ದರೂ ಉಗುರು ಮತ್ತೆ ಕೂಡಲಿಲ್ಲ, ಎರಡು ಹೋಳಾಗಿಯೇ ಬೆಳೆಯುತ್ತಿತ್ತು. ಒಂದು ಹೋಳನ್ನು ಅವರು ಒತ್ತಿ ಕತ್ತರಿಸಿಕೊಳ್ಳುತ್ತಿದ್ದರು. ಇನ್ನೊಂದನ್ನು ಬೇಕೆಂದೇ ಚೂಪಾಗಿ ಬಿಡುತ್ತಿದ್ದರು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಆಚಾರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವರ ಪೆನ್ಸಿಲ್ ಆ ಉಗುರು. ಮರದ ಮೇಲೆ ಅದರಿಂದ ಒಂದು ಗೀರು ಎಳೆದರೆ ಮುಗಿಯಿತು, ಗರಗಸ ಅದರ ಮೇಲೆಯೇ ನಡೆಯಬೇಕು. "ಪೆನ್ಸಿಲ್ ಗೆರೆ ದಪ್ಪ ಕಣವ್ವ. ಆ ಕಡೀಕ್ ಓಗ್ಲೋ ಈ ಕಡೀಕ್ ಓಗ್ಲೋ ಅಂತ ಗರಗಸ ಯೋಚ್ನೆ ಮಾಡ್ತದೆ" ಎಂದು ಒಮ್ಮೆ ನನಗೆ ವಿವರಿಸಿದ್ದರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ರೇಖೆಗೆ ಅಗಲವಿಲ್ಲ ಎಂದು ವರ್ಷ ವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ಅದನ್ನು ನಿಜಕ್ಕೂ ನಂಬಿ ಬದುಕಿದವರನ್ನು ಕಂಡದ್ದು ಅವರೊಬ್ಬರನ್ನೇ.

ಎಲ್ಲರಿಗೂ ಅವರು ಆಚಾರ್ರು. ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ರಸ್ತೆಯ ಎಡಬಲದ ಹಳ್ಳಿಗಳಲ್ಲಿ ಬ್ಯಾರನ್ ಇಲ್ಲದ ಒಕ್ಕಲು ಕಡಿಮೆ. ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಸಾಲಾಗಿ ತೂಗುಹಾಕಿ, ಬಿಸಿ ಕೊಟ್ಟು ಹದ ಮಾಡುವ ಎತ್ತರದ ಕಟ್ಟಡ ಅದು. ಒಳಗೆ ಗೋಡೆಯಿಂದ ಗೋಡೆಗೆ ಗಳಗಳನ್ನು ಅಡ್ಡ ಹಾಕಿರುತ್ತಾರೆ, ಒಂದರ ಮೇಲೊಂದು ನಾಲ್ಕೈದು ಅಂತಸ್ತು. ಸೊಪ್ಪು ತುಂಬುವ ದಿನ ಗಂಡಸರು ಆ ಗಳಗಳ ಮೇಲೆ ಕಾಲು ಅಗಲಿಸಿ ನಿಂತು, ಕೆಳಗಿನವರು ಕೊಟ್ಟ ಕಡ್ಡಿಯನ್ನು ಮೇಲಿನವರಿಗೆ ದಾಟಿಸುತ್ತಾರೆ. ಗಳ ಮುರಿದರೆ ಮನುಷ್ಯ ಬೀಳುತ್ತಾನೆ, ಅಷ್ಟೇ. ಆಚಾರ್ರು ಹಾಕಿದ ಗಳದ ಮೇಲೆ ಆನೆ ನಿಲ್ಲಿಸಬಹುದು ಅನ್ನುವ ಮಾತು ನಮ್ಮ ಕಡೆ ಇತ್ತು. ನಾಗರಹೊಳೆಯ ಆನೆ ಬಂದು ಹೊಲ ತುಳಿದು ಹೋಗುವ ಊರುಗಳವರು ಆಡುವ ಮಾತು ಅದು, ಸುಮ್ಮನೆ ಆಡುವುದಲ್ಲ.

ನಾನು ಮದುವೆಯಾಗಿ ಬಂದ ವರ್ಷವೇ ನಮ್ಮ ಬ್ಯಾರನ್ ಎದ್ದದ್ದು. ತಿಂಗಳುಗಟ್ಟಲೆ ಅವರಿಗೆ ಟೀ ಕೊಟ್ಟವಳು ನಾನು. ಮಟಮಟ ಮಧ್ಯಾಹ್ನದಲ್ಲೂ ಕೊರಳಿಗೆ ಒಂದು ಹಳೆಯ ಮಫ್ಲರ್ ಸುತ್ತಿಕೊಂಡಿರುತ್ತಿದ್ದರು. ಆಯುಧದ ಚೀಲದಲ್ಲಿ ಉಳಿ, ಬಾಚಿಗಳ ಜೊತೆಗೆ ಹುರಿದ ಹುರುಳಿಕಾಳಿನ ಪೊಟ್ಟಣ. ಯಾವ ಮರದ ಮೇಲೆ ಕಾಲಿಡುವ ಮುಂಚೆಯೂ ಅಂಗೈಯಿಂದ ಅದನ್ನು ಮೂರು ಸಲ ತಟ್ಟುತ್ತಿದ್ದರು, ಎತ್ತಿನ ಬೆನ್ನು ತಟ್ಟಿದ ಹಾಗೆ. ಯಾಕೆಂದು ಕೇಳಿದರೆ, "ನಾನ್ ಬತ್ತಾ ಇವ್ನಿ ಅಂತ ಅದ್ಕೂ ಗೊತ್ತಾಗ್ಲಿ" ಎನ್ನುತ್ತಿದ್ದರು.

ಅದೇ ಬ್ಯಾರನ್‌ನ ಮೂರನೇ ಅಂತಸ್ತಿನಿಂದ ನಮ್ಮ ಯಜಮಾನರು ಬಿದ್ದರು. ಕಟ್ಟಿ ಇಪ್ಪತ್ತು ವರ್ಷ ದಾಟಿದ ಮೇಲೆ, ಒಂದು ಸೊಪ್ಪು ತುಂಬುವ ದಿನ, ಕಾಲಡಿಯ ಗಳ ಲಟಕ್ಕೆಂದಿತು. ಮೈಸೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ಬಂದೆವು. ಹೋದಾಗ ನಡೆಯುತ್ತಿದ್ದವರು ಬರುವಾಗ ಗಾಲಿಕುರ್ಚಿಯಲ್ಲಿ ಬಂದರು. ಸೊಂಟದಿಂದ ಕೆಳಗೆ ಇನ್ನು ಆಗುವುದಿಲ್ಲ ಎಂದು ಡಾಕ್ಟರು ನನ್ನೊಬ್ಬಳಿಗೆ ಹೇಳಿದ್ದರು. ಅವರಿಗೆ ಹೇಳುವ ಕೆಲಸವನ್ನೂ ನನಗೇ ಬಿಟ್ಟಿದ್ದರು.

ಮನೆಗೆ ಬಂದ ಮಾರನೇ ದಿನ ಆಚಾರ್ರು ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು ಹಿಡಿದು ಬಾಗಿಲಲ್ಲಿ ನಿಂತರು. ನನ್ನ ಬಾಯಿ ಮೊದಲೇ ಜೋರು. ಆ ದಿನ ಅದಕ್ಕೆ ಲಗಾಮೇ ಇರಲಿಲ್ಲ.

"ಯಾಕ್ರೀ ಬಂದ್ರಿ? ನೀವು ಹಾಕಿದ ಗಳ ಕಣ್ರೀ ಮುರಿದದ್ದು. ಆನೆ ನಿಲ್ಲಿಸ್ತೀನಿ ಅಂದವರು, ಒಬ್ಬ ಮನುಷ್ಯನನ್ನ ನಿಲ್ಲಿಸೋಕೆ ಆಗ್ಲಿಲ್ಲವಾ?"

"ಗೌಡ್ರನ್ನ ಒಂದ್ ಗಳಿಗೆ ನೋಡ್ಬೋದಾ ಟೀಚರಮ್ಮ?" ಎಂದರು. ಬೇಡ ಎಂದೆ. ಹಣ್ಣನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದರು. ಒಳಗೆ ಮಲಗಿದ್ದ ಯಜಮಾನರಿಗೆ ಎಲ್ಲವೂ ಕೇಳಿಸಿತ್ತು. ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು. ನೋವಿರಬೇಕು ಅಂದುಕೊಂಡೆ.

ಅಲ್ಲಿಗೆ ಬಿಟ್ಟೆನೇ? ಬಿಡಲಿಲ್ಲ. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ನೋಡಲು ಬಂದ ನೆಂಟರ ಮುಂದೆ, ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಆಚಾರ್ರ ಗಳ ಮುರೀತಂತೆ ಅನ್ನುವ ಮಾತು ನನ್ನ ಬಾಯಿಂದ ಹೊರಟು ಸೊಪ್ಪಿನ ಹೊಗೆಗಿಂತ ಬೇಗ ಹಬ್ಬಿತು. ಬ್ಯಾರನ್ ಕೆಲಸಕ್ಕೆ ಅವರನ್ನು ಕರೆಯುವವರು ಕಡಿಮೆಯಾದರು. ಆಮೇಲೆ ಯಾರೂ ಕರೆಯಲಿಲ್ಲ. ಮಣೆ, ಕಡಗೋಲು, ಬಾಗಿಲ ಅಗುಳಿ ಮಾಡಿಕೊಂಡು ಇದ್ದಾರೆ ಎಂದು ಕೇಳಿದಾಗ ನನಗೆ ಮನಸ್ಸಿಗೆ ಹಿತವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿತವಾಗಿದ್ದದ್ದು ನಿಜ.

ಹೀಗೆ ಮೂರು ವರ್ಷ. ಯಜಮಾನರು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಮುಂಬಾಗಿಲ ಎದುರಿಗೇ ಅರಳಿಕಟ್ಟೆ, ಅಲ್ಲಿ ಕೂತವರೆಲ್ಲ "ಈಗ ಎಂಗದೆ ಗೌಡ್ರೆ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳುವುದು ಅವರಿಂದ ಆಗುತ್ತಿರಲಿಲ್ಲ. ಹಿಂಬಾಗಿಲಾದರೆ ಅವರದೇ ಲೋಕ. ಅವರು ನೆಟ್ಟ ಸೀಬೆ, ನುಗ್ಗೆ, ಅವರೇ ಕಟ್ಟಿದ ಕೊಟ್ಟಿಗೆ, ಆಚೆಗೆ ಬ್ಯಾರನ್ನು, ಹೊಲ. ಆದರೆ ಹಿಂಬಾಗಿಲಿಗೆ ನಾಲ್ಕು ಮೆಟ್ಟಿಲು, ಅದರಾಚೆ ಹಿತ್ತಲು ಹಳ್ಳದ ಕಡೆಗೆ ಇಳಿಜಾರು. ಹಸು ಕೂಗಿದರೆ ಒಳಗಿನಿಂದಲೇ "ಕೆಂಪಿ ನೀರು ಕೇಳ್ತಾ ಅವ್ಳೆ" ಎನ್ನುತ್ತಿದ್ದರು. ನೋಡುವಂತಿರಲಿಲ್ಲ. ಬರಬರುತ್ತಾ ಅದನ್ನು ಹೇಳುವುದನ್ನೂ ಬಿಟ್ಟರು. ಅದು ನನ್ನನ್ನು ಹೆದರಿಸಿತು.

ಮಣ್ಣು ತುಂಬಿಸಿ ಸಿಮೆಂಟ್ ಹಾಕಿಸೋಣವೆಂದರೆ, ಮೇಲಿನ ದಿಣ್ಣೆಯ ಮಳೆನೀರೆಲ್ಲ ಹಿಂಗೋಡೆಯ ಪಕ್ಕದಲ್ಲೇ ಹರಿಯುತ್ತದೆ. ಅದಕ್ಕೆ ಅಡ್ಡ ಕಟ್ಟಿದರೆ ನೀರು ಮನೆಗೇ ನುಗ್ಗುತ್ತದೆ. ಆ ವರ್ಷ ಶಾಲೆಯ ಮಕ್ಕಳನ್ನು ಬೈಲಕುಪ್ಪೆಗೆ ಕರೆದುಕೊಂಡು ಹೋಗಿದ್ದಾಗ, ಟಿಬೆಟನ್ನರ ಒಂದು ಹೋಟೆಲಿನ ಹಿಂದೆ ಮರದ ಜಗಲಿ ನೋಡಿದೆ. ನೆಲದಿಂದ ಮೇಲೆ ಕಾಲುಗಳ ಮೇಲೆ ನಿಂತಿತ್ತು. ಬಾಗಿಲಿನ ಮಟ್ಟಕ್ಕೇ ಇತ್ತು, ಕೆಳಗೆ ಕೋಳಿಗಳು ಓಡಾಡುತ್ತಿದ್ದವು. ಕೋಳಿ ಓಡಾಡುವ ಕಡೆ ನೀರೂ ಓಡಾಡುತ್ತದಲ್ಲ ಎಂದು ನನಗೆ ಹೊಳೆಯಿತು. ಮನೆಗೆ ಬಂದು ಹೇಳಿದೆ. ಯಜಮಾನರು ಸೂರು ನೋಡುತ್ತಲೇ, "ಆಚಾರ್ರನ್ನ ಕರೀ" ಎಂದರು.

"ಅವರನ್ನಾ? ಬೇರೆ ಯಾರೂ ಸಿಗಲ್ವಾ ಜಗತ್ತಿನಲ್ಲಿ?"

"ಅವ್ರು ಬಂದ್ರೆ ಮಾಡ್ಸು. ಇಲ್ದಿದ್ರೆ ಬ್ಯಾಡ."

ಮೂರು ವರ್ಷದಲ್ಲಿ ಅವರು ಏನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. ಹಲ್ಲು ಕಚ್ಚಿಕೊಂಡು ಹೋದೆ. ಅವರ ಊರು ನಮ್ಮೂರಿಗೆ ಎರಡು ಮೈಲಿ. ಮನೆಯ ಮುಂದಿನ ಹೊಂಗೆಮರದ ಕೆಳಗೆ ಮಣೆ ಕೆತ್ತುತ್ತಾ ಕೂತಿದ್ದರು. "ಯಜಮಾನರು ಬರೋಕೆ ಹೇಳಿದ್ರು" ಎಂದೆ. ನಾನು ಕರೆಯುತ್ತಿಲ್ಲ ಎನ್ನುವುದು ಸ್ಪಷ್ಟವಾಗಲಿ ಎಂದು ಹಾಗೆ ಹೇಳಿದೆ. ಅವರು ಬಾಚಿ ಕೆಳಗಿಟ್ಟು ಎದ್ದೇಬಿಟ್ಟರು. "ನಡೀರವ್ವ, ಬಂದೆ."

ಬಂದವರು ಮೊದಲು ಕೋಣೆಗೆ ಹೋದರು. ಯಜಮಾನರು ಅವರ ಕೈ ಹಿಡಿದುಕೊಂಡರು. ಆಚಾರ್ರು ಅವರ ಮುಖವನ್ನೇ ನೋಡುತ್ತಿದ್ದರು, ಕುತ್ತಿಗೆಯಿಂದ ಕೆಳಕ್ಕೆ ಕಣ್ಣು ಇಳಿಸಲಿಲ್ಲ. ಆಮೇಲೆ ಹಿತ್ತಲಿಗೆ ಬಂದು, "ಎಷ್ಟುದ್ದ, ಎಷ್ಟಗಲ?" ಎಂದರು.

ನಾನು ಆಗಲೇ ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದು ಸಿದ್ಧವಾಗಿದ್ದೆ. ಗೋಡೆಯ ಉದ್ದಕ್ಕೆ ಹನ್ನೆರಡು ಅಡಿ, ಹೊರಕ್ಕೆ ಹತ್ತು ಅಡಿ. ಮೇಲೆ ಹಲಗೆ, ಹಲಗೆಯನ್ನು ಹೊರಲು ಕೆಳಗೆ ಜಂತಿಗಳು, ಜಂತಿಗಳನ್ನು ಹೊರಲು ತೊಲೆ, ತೊಲೆಗೆ ಕಲ್ಲಿನ ಮೇಲೆ ನಿಂತ ಕಾಲುಗಳು. ಜಂತಿಯಿಂದ ಜಂತಿಗೆ ಒಂದೂವರೆ ಅಡಿ ಎಂದು ಎಲ್ಲೋ ಓದಿ ಗುರುತು ಹಾಕಿದ್ದೆ. "ಹನ್ನೆರಡನ್ನ ಒಂದೂವರೆಯಿಂದ ಭಾಗಿಸಿದ್ರೆ ಎಂಟು. ಎಂಟು ಜಂತಿ ಬೇಕು" ಎಂದು ಟೀಚರ್ ಗತ್ತಿನಲ್ಲೇ ಹೇಳಿದೆ.

ಅವರು ಹಾಳೆಯನ್ನು ಒಂದು ಸಲ ನೋಡಿ ವಾಪಸು ಕೊಟ್ಟರು. ಮೂಲೆಯಲ್ಲಿದ್ದ ನನ್ನ ಹೊಸ ಕಡ್ಡಿಪೊರಕೆಯ ಕಟ್ಟು ಬಿಚ್ಚಿದರು. ನೆಲದ ಮೇಲೆ ಎರಡು ಕಡ್ಡಿ ತೊಲೆಯಾಗಿ ಇಟ್ಟರು. ಅದರ ಮೇಲೆ ಅಡ್ಡಲಾಗಿ ಒಂದೊಂದೇ ಜಂತಿ ಜೋಡಿಸುತ್ತಾ ಬಂದರು. ಎಂಟು ಕಡ್ಡಿ ಇಟ್ಟು ನಿಲ್ಲಿಸಿ, ಆ ಸೀಳು ಉಗುರನ್ನು ಖಾಲಿ ಉಳಿದ ತುದಿಯ ಮೇಲೆ ಇಟ್ಟರು.

"ಕೊನೇ ಹಲಗೆ ತಲೆ ಎಲ್ಲಿ ಮಡಗ್ತದೆ ಟೀಚರಮ್ಮ?"

ನನ್ನ ಮುಖ ಕೆಂಪಾಯಿತು. ನಡುವಿನ ಖಾಲಿ ಮನೆ ಎಂಟಾದರೆ ಗೆರೆ ಒಂಬತ್ತು. ಏಳನೇ ತರಗತಿಯ ಮಕ್ಕಳು ಮಾಡುವ ತಪ್ಪು. ಅವರು ನಗಲಿಲ್ಲ, ಒಂಬತ್ತನೆಯ ಕಡ್ಡಿ ಇಟ್ಟು, "ಬುಡಿ, ಕಾಗದದ್ ಮ್ಯಾಲೆ ಯಾರೂ ಬೀಳಕ್ಕಿಲ್ಲ" ಎಂದರು. ಆಮೇಲೆ ಆ ಮಾತು ತಾವೇ ಕೇಳಿಸಿಕೊಂಡವರಂತೆ ತಲೆ ತಗ್ಗಿಸಿದರು.

ನನ್ನ ಒಂದೂವರೆ ಅಡಿಯನ್ನೂ ಅವರು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಸಾಮಿಲ್‌ನಿಂದ ಒಂದು ಮತ್ತಿ ಮರದ ಹಲಗೆ ತರಿಸಿ, ಎರಡು ಕಲ್ಲಿನ ಮೇಲೆ ಇಟ್ಟರು. ಮೂರು ಸಲ ತಟ್ಟಿ, ನಡುವೆ ನಿಂತರು. ಕಲ್ಲು ಸ್ವಲ್ಪ ದೂರ ಸರಿಸಿ ಮತ್ತೆ ನಿಂತರು. ಹೀಗೆ ಹಲಗೆ ಬಾಗುವ ತನಕ ಸರಿಸುತ್ತಾ ಹೋಗಿ, ಬಾಗಿದ ಕಡೆಯಿಂದ ಒಂದು ಗೇಣು ಹಿಂದಕ್ಕೆ ತಂದರು. "ಮರ ಸುಳ್ಳ್ ಹೇಳಕ್ಕಿಲ್ಲ, ನಾವ್ ಕೇಳಾದ್ರಾಗೆ ತಪ್ಪಿರ್ತದೆ" ಎನ್ನುತ್ತಾ ಅಳೆದರೆ ಒಂದೂವರೆ ಅಡಿಗೇ ಬಂತು. ನನಗೆ ಗೆದ್ದಷ್ಟು ಸಂತೋಷವಾಯಿತು.

ಮರ ಎಲ್ಲಿಂದ? ಬ್ಯಾರನ್‌ನಿಂದ ಎಂದು ಯಜಮಾನರೇ ಹೇಳಿದ್ದರು. ಬಿದ್ದ ದಿನದಿಂದ ಅದಕ್ಕೆ ಬೀಗ, ಹೆಂಚು ಜಾರಿ ಒಳಗೆಲ್ಲ ನೀರು ಸೋರಿತ್ತು. ಗಳ ಒಂದೊಂದೂ ಹದಿನಾರು ಅಡಿ. ಹತ್ತು ಅಡಿಗೆ ಕೊಯ್ದರೆ ಜಂತಿ, ಉಳಿದ ಆರು ಅಡಿ ಕಾಲಿಗೆ. ಆಚಾರ್ರು ಅದೇ ಪೊರಕೆಕಡ್ಡಿಗಳನ್ನು ಕೈಯಲ್ಲಿ ಹಿಡಿದು ಬ್ಯಾರನ್ ಒಳಗೆ ಹೋದರು. ಒಂದು ಒಳ್ಳೆಯ ಮರ ಸಿಕ್ಕರೆ ಒಂದು ಕಡ್ಡಿ ಮುರಿದು ಬಿಸಾಡುವುದು. ಕೊನೆಗೆ ಕೈಯಲ್ಲಿ ಎಷ್ಟು ಕಡ್ಡಿ ಉಳಿಯುತ್ತದೋ ಅಷ್ಟು ಮರ ಹೊರಗಿನಿಂದ ತರಬೇಕು. ಅವರ ಲೆಕ್ಕದ ಪುಸ್ತಕ ಅಷ್ಟೇ. ಇಪ್ಪತ್ತು ಗಳಗಳಲ್ಲಿ ಗೆದ್ದಲು, ನೀರು ತಿಂದದ್ದು ಹೋಗಿ ಸರಿಯಾಗಿ ಒಂಬತ್ತು ಸಿಕ್ಕವು. ಜಂತಿಯ ಕಡ್ಡಿ ಒಂದೂ ಉಳಿಯಲಿಲ್ಲ.

ಆ ದಿನ ಒಂದು ಸಣ್ಣ ವಿಷಯ ನಡೆಯಿತು. ಬ್ಯಾರನ್ ಒಳಗೆ ಮೂರನೇ ಅಂತಸ್ತಿನ ಹತ್ತಿರ ಅವರು ಬಹಳ ಹೊತ್ತು ನಿಂತಿದ್ದರು. ಇಳಿದು ಬರುವಾಗ ಕಂಕುಳಲ್ಲಿ ಒಂದು ಮೋಟುಮರ. ಗೋಡೆಯ ತೂತಿನಲ್ಲಿ ಸಿಕ್ಕಿ ಉಳಿದಿದ್ದ, ಮುರಿದ ಗಳದ ತುಂಡು ಅದು. ನೇರವಾಗಿ ಬಂದು ನಮ್ಮ ಬಚ್ಚಲೊಲೆಗೆ ತುರುಕಿದರು. ಏನದು ಎಂದೆ. "ಉಳ ಬಿದ್ದಿತ್ತು ಕಣವ್ವ" ಎಂದು, ಅದು ಪೂರ್ತಿ ಉರಿಯುವ ತನಕ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ತಮ್ಮ ತಪ್ಪಿನ ಸಾಕ್ಷಿ ಸುಡುತ್ತಿದ್ದಾರೆ ಎಂದು ನಾನು ಮನಸ್ಸಿನಲ್ಲೇ ತೀರ್ಪು ಬರೆದೆ.

ಹದಿನೈದು ದಿನದಲ್ಲಿ ಜಗಲಿ ನಿಂತಿತು. ದುಂಡನೆಯ ಗಳಗಳ ಮೇಲ್ಮೈಯನ್ನು ಬಾಚಿಯಿಂದ ಎಷ್ಟು ಸಮ ಮಾಡಿದ್ದರೆಂದರೆ, ಹಲಗೆ ಬಡಿದ ಮೇಲೆ ಒಂದು ಗೋಲಿ ಇಟ್ಟರೆ ಇಟ್ಟಲ್ಲೇ ಇತ್ತು. ಹೊಸಿಲಿಗೂ ಹಲಗೆಗೂ ಒಂದು ಕೂದಲಿನ ಎತ್ತರ ವ್ಯತ್ಯಾಸವಿರಲಿಲ್ಲ. ಬೆಳಗ್ಗೆ ಬಿಸಿಲು ಬಂದ ಮೇಲೆ ನಾನು ಯಜಮಾನರ ಕುರ್ಚಿಯನ್ನು ಹಿಂಬಾಗಿಲಿಗೆ ತಳ್ಳಿದೆ. ಅವರು ಕಣ್ಣು ಕಿರಿದು ಮಾಡಿ ಸೀಬೆಮರ ನೋಡಿದರು. ಕುರ್ಚಿ ಹೊಸಿಲು ದಾಟಿತು. ನಾಲ್ಕು ಅಡಿ ಹೋಗಿರಬೇಕು, ಮುಂದಿನ ಪುಟ್ಟ ಗಾಲಿಯ ಕೆಳಗೆ ಹಲಗೆ ಬಗ್ಗಿ ಲಟಕ್ಕೆಂದಿತು.

ಬೀಳಲಿಲ್ಲ. ಮುರಿಯಲೂ ಇಲ್ಲ, ಗಂಟಿನ ಹತ್ತಿರ ಸಣ್ಣ ಸೀಳು, ಅಷ್ಟೇ. ಆದರೆ ಆ ಸದ್ದು ಆ ದಿನದ ಸದ್ದೇ. ಯಜಮಾನರು ಎರಡೂ ಕೈಯಲ್ಲಿ ಕುರ್ಚಿ ಹಿಡಿದುಕೊಂಡು, "ಒಳೀಕ್, ಒಳೀಕ್" ಎಂದು ಮಗುವಿನಂತೆ ಕೂಗಿದರು. ಅವರನ್ನು ಮಲಗಿಸಿ ಹೊರಗೆ ಬಂದವಳೇ ನಾನು ಆಚಾರ್ರ ಮೇಲೆ ಹರಿಹಾಯ್ದೆ.

"ಒಂದು ಸಲ ಬೀಳಿಸಿದ್ದು ಸಾಲದಾಗಿತ್ತಾ ನಿಮಗೆ?"

ಆಡಿದ ಮಾತು, ಒಡೆದ ಮುತ್ತು. ಅವರು ಆ ಹಲಗೆಯ ಪಕ್ಕ ಮಂಡಿಯೂರಿ, ಸೀಳಿನ ಮೇಲೆ ಉಗುರು ಓಡಿಸುತ್ತಿದ್ದರು. ತಲೆಯೆತ್ತದೆಯೇ ಹೇಳಿದರು:

"ನಿಂತೋನ ಅಳತೆ ತಗಂಡೆ ಕಣವ್ವ. ನಾನ್ ನಿಂತು ನೋಡ್ದೆ, ನಂಗೆ ಎರಡು ಕಾಲು, ಎರಡು ಅಂಗಾಲು. ಕುರ್ಚಿಗೆ ಒಂದ್ ಬೆರಳಗಲದ ಗಾಲಿ. ಭಾರ ಎಲ್ಲಾ ಒಂದೇ ಕಡೆ ಚುಚ್ಚತದೆ. ಕೂತೋರ ಅಳತೆ ನಾನ್ ತಗಳ್ನೇ ಇಲ್ಲ. ಆ ಕುರ್ಚಿ ಕಡೀಕ್ ನನ್ ಕಣ್ಣು ತಿರುಗ್ಲೇ ಇಲ್ಲ, ಏನ್ ಮಾಡ್ಲಿ."

ಆಗ ಅವರು ಕೋಣೆಗೆ ಹೋಗಿ, ಮೊದಲ ಸಲ, ಕುರ್ಚಿಯನ್ನು ಸರಿಯಾಗಿ ನೋಡಿದರು. ಅಪ್ಪಣೆ ಕೇಳಿ ಅದರಲ್ಲಿ ತಾವೇ ಕೂತರು. ಜಗಲಿಯ ಮೇಲೆಲ್ಲ ಅದನ್ನು ಓಡಿಸಿದರು, ಕುರ್ಚಿಯಲ್ಲಿ ಬಗ್ಗಿ ಗಾಲಿಯ ಕೆಳಗಿನ ಹಲಗೆಗೆ ಕಿವಿ ಕೊಟ್ಟರು. ಇಳಿದು ಬಂದು, "ಎರಡು ಜಂತಿ ನಡುವೆ ಇನ್ನೊಂದೊಂದು ಬೇಕು" ಎಂದರು. ನಾನು ಸಿಟ್ಟಿನಲ್ಲೇ ಎಷ್ಟು ಎಂದೆ. ಅವರು ಕಡ್ಡಿ ಎಣಿಸಿ ನನ್ನ ಮುಖ ನೋಡಿದರು. "ಮನೆ ಎಂಟಲ್ವಾ? ಎಂಟು. ಈಗ ನಿಮ್ ಲೆಕ್ಕ ಸರಿ ಬಂತು ಟೀಚರಮ್ಮ." ನಗು ಬಂತು, ತಡೆದುಕೊಂಡೆ.

ಬ್ಯಾರನ್‌ನಲ್ಲಿ ಮರ ಮುಗಿದಿತ್ತು. ಹಸಿ ಮರ ಹಾಕಿದರೆ ಒಣಗುವಾಗ ತಿರುಚಿಕೊಳ್ಳುತ್ತದೆ, ಹಳೆಯ ಮರದ ಪಕ್ಕ ಹಳೆಯ ಮರವೇ ಬೇಕು ಎಂದು ಹೇಳಿ, ಎಂಟು ಕಡ್ಡಿಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ಎರಡು ದಿನ ಪತ್ತೆಯಿಲ್ಲ. ಮೂರನೆಯ ದಿನ ಗೂಡ್ಸ್ ಆಟೋದಲ್ಲಿ ಎಂಟು ಜಂತಿ ಬಂದವು. ಹೊನ್ನೆ ಮರ, ಕಬ್ಬಿಣದಂಥವು, ಮೈಯೆಲ್ಲ ಕಪ್ಪು ಮಸಿ. ಎಲ್ಲಿ ಸಿಕ್ಕವು ಎಂದರೆ, "ಬಿದ್ದಿದ್ವು ಬುಡಿ" ಎಂದರು. ನನ್ನೆದುರಿಗೇ ಕಡ್ಡಿಗಳನ್ನು ಒಂದೊಂದಾಗಿ ಮುರಿದು ಹಾಕಿ, ಇಡೀ ಜಗಲಿಯ ಹಲಗೆ ಬಿಚ್ಚಿ, ಮತ್ತೆ ಮೊದಲಿನಿಂದ ಕಟ್ಟಿದರು.

ಯಜಮಾನರನ್ನು ಮತ್ತೆ ಹೊರಗೆ ತರಲು ನನ್ನಿಂದಾಗಲಿಲ್ಲ. ಆಚಾರ್ರೇ ಕೋಣೆಗೆ ಹೋದರು. ಏನು ಹೇಳಿದರೋ ತಿಳಿಯದು. ಕುರ್ಚಿಯನ್ನು ತಾವೇ ತಳ್ಳಿಕೊಂಡು ಬಂದರು, ಹೊಸಿಲು ದಾಟಿಸಿದರು, ಜಗಲಿಯ ಅಂಚಿನವರೆಗೂ ಹೋದರು. ಹಲಗೆ ಉಸಿರೆತ್ತಲಿಲ್ಲ. ಕೊಟ್ಟಿಗೆಯಲ್ಲಿದ್ದ ಕೆಂಪಿ ತಲೆಯೆತ್ತಿ ನೋಡಿ, ಕಿವಿ ನಿಮಿರಿಸಿ, ಒಂದು ಸಲ ಕೂಗಿತು. ಮೂರು ವರ್ಷದ ಮೇಲೆ ಅವರಿಬ್ಬರೂ ಮುಖ ನೋಡಿಕೊಂಡದ್ದು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಆಮೇಲೆ ಯಜಮಾನರು ಒಳಗಿರುವುದೇ ಕಡಿಮೆಯಾಯಿತು. ಕಾಫಿ ಅಲ್ಲೇ, ಅವರೆಕಾಯಿ ಸುಲಿಯುವುದು ಅಲ್ಲೇ, ಹಾಲು ಕರೆಯುವವನಿಗೆ ಬೈಯುವುದೂ ಅಲ್ಲಿಂದಲೇ. ಒಂದು ಭಾನುವಾರ ಕೊಟ್ಟಿಗೆಯ ಕಡೆಗೇ ನೋಡುತ್ತಿದ್ದವರು ಇದ್ದಕ್ಕಿದ್ದ ಹಾಗೆ, "ಆ ಗಳ ಆಚಾರ್ರದ್ದಲ್ಲ ಕಣೇ" ಎಂದರು.

ಅವರೆಕಾಯಿ ನನ್ನ ಕೈಯಲ್ಲೇ ಉಳಿಯಿತು.

"ಕೊಟ್ಟಿಗೆ ಕಟ್ತಾ ಇದ್ದಾಗ ಒಂದು ಮರ ಸಾಲ್ದಾಯ್ತು. ಬ್ಯಾರನ್‌ದು ಒಂದು ಗಳ ಕಿತ್ಕಂಡೆ. ಅಲ್ಲೀಗೆ ನೀಲಗಿರಿ ಆಕ್ದೆ. ಒಂದ್ ವರ್ಷಕ್ಕೆ ಅಂತ ಆಕಿದ್ದು, ಮರ್ತೋದೆ. ಮುರಿದದ್ದು ಅದೇ. ನೀನು ಅವ್ರಿಗೆ ಬಾಗ್ಲಲ್ಲಿ ಬಯ್ಯೋವಾಗ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಬರೆ ಹಾಕಿದ ಕೈ ನನ್ನದು. ಯಜಮಾನರ ಮೇಲೆ ಉಕ್ಕಿ ಬಂದ ಸಿಟ್ಟನ್ನು ನುಂಗಿಕೊಂಡು, ಚಪ್ಪಲಿ ಮೆಟ್ಟಿ ಆಚಾರ್ರ ಊರಿಗೆ ನಡೆದೇ ಹೋದೆ. ಅದೇ ಹೊಂಗೆಮರದ ಕೆಳಗೆ ಕೂತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ, ತಪ್ಪಾಯಿತು ಎಂದೆ, ಅತ್ತೆ. ಅವರು ಹುರುಳಿಕಾಳಿನ ಪೊಟ್ಟಣ ನನ್ನ ಕಡೆ ಚಾಚಿದರು.

"ಗೊತ್ತಿತ್ತು ಕಣವ್ವ. ಬ್ಯಾರನ್ ಬಿಚ್ಚೋವಾಗ ಮೋಟು ನೋಡ್ದೆ. ನೀಲಗಿರಿ."

"ಮತ್ತೆ ಯಾಕೆ ಸುಟ್ಟು ಹಾಕಿದ್ರಿ? ನನಗೆ ತೋರಿಸಬಾರದಿತ್ತಾ? ನಾನು ಅಷ್ಟೆಲ್ಲ ಅಂದಾಗಲೂ ಸುಮ್ಮನಿದ್ರಲ್ಲ!"

"ತೋರ್ಸ್ದ್ರೆ ನಿಮ್ ಸಿಟ್ಟು ಗೌಡ್ರ ಕಡೀಕ್ ತಿರುಗ್ತಿತ್ತು. ಅವ್ರು ಕೂತವ್ರೆ, ಎದ್ದು ಓಗಕ್ಕಾಗಕ್ಕಿಲ್ಲ. ನಾನಾದ್ರೆ ಎದ್ದೋಯ್ತೀನಿ."

ಈ ಮಾತು ಹೇಳಿ ಮತ್ತೆ ಮಣೆ ಕೆತ್ತತೊಡಗಿದರು. ಊರವರಿಗೆಲ್ಲ ನಿಜ ಹೇಳುತ್ತೇನೆ ಎಂದೆ. ಬೇಡವೇ ಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು. ಆ ಮಾತಿನ ಹಿಂದೆ ನಾನು ಸುಖವಾಗಿ ಅವಿತುಕೊಂಡೆ. ಆಮೇಲೂ ಎರಡು ವರ್ಷ ನಮ್ಮ ಮನೆಗೆ ಬರುತ್ತಿದ್ದರು. ಜಗಲಿಯ ಕೆಳಗೆ ನುಸುಳಿ ಒಂದೊಂದೇ ಜಂತಿ ತಟ್ಟಿ ನೋಡಿ, ಯಜಮಾನರ ಪಕ್ಕ ಕೂತು ಟೀ ಕುಡಿದು ಹೋಗುತ್ತಿದ್ದರು. ಬ್ಯಾರನ್ ಕೆಲಸಕ್ಕೆ ಮಾತ್ರ ಅವರನ್ನು ಕೊನೆಯವರೆಗೂ ಯಾರೂ ಕರೆಯಲಿಲ್ಲ.

ಹೋದ ವರ್ಷ ಮಣೆ ಕೆತ್ತುತ್ತಿದ್ದ ಹಾಗೆಯೇ ಹೊಂಗೆಮರಕ್ಕೆ ಒರಗಿ ಹೋಗಿಬಿಟ್ಟರು. ಸುದ್ದಿ ಬಂದ ತಕ್ಷಣ ನಾನೊಬ್ಬಳೇ ಓಡಿದೆ. ಅಷ್ಟು ವರ್ಷದಲ್ಲಿ ಆ ಮನೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಒಂದೇ ಪಡಸಾಲೆ, ಮೂಲೆಯಲ್ಲಿ ಒಲೆ. ರಾಗಿ ಮೂಟೆಗಳು ನೆಲದ ಮೇಲೇ ಇದ್ದವು, ಇಲಿ ಕೊರೆದು ರಾಗಿ ಚೆಲ್ಲಿತ್ತು. ಅವರ ಹೆಂಡತಿಯ ಪಕ್ಕ ಕೂತು ಸುಮ್ಮನೆ ಮೇಲಕ್ಕೆ ನೋಡಿದೆ. ಮಸಿ ಹಿಡಿದ ಗೋಡೆಯಲ್ಲಿ ಸಾಲಾಗಿ ಚೌಕ ತೂತುಗಳು. ಎದುರು ಗೋಡೆಯಲ್ಲೂ ಅಷ್ಟೇ. ಗಣಿತದವಳ ಕಣ್ಣು, ಎಣಿಸದೆ ಬಿಡುವುದಿಲ್ಲ. ಈ ಕಡೆ ಎಂಟು, ಆ ಕಡೆ ಎಂಟು.

"ಅಟ್ಟ ಇತ್ತು" ಎಂದರು ಅವರ ಹೆಂಡತಿ, ನನ್ನ ಕಣ್ಣು ಹೋದ ಕಡೆ ನೋಡಿ. "ಅವರಪ್ಪ ಆಕಿದ್ದ ಜಂತಿ. ಗೌಡ್ರ ಜಗಲೀಗೆ ಬೇಕು ಅಂತ ಬಿಚ್ಕಂಡೋದ್ರು. ಇಲಿ ಕಾಟ ಆಯ್ತದೆ ಕಣ್ರೀ ಅಂದೆ. ಇಲಿ ತಿಂದು ಎಷ್ಟ್ ತಿಂದಾವು ಅಂದ್ರು."

ಮನೆಗೆ ಬಂದು ಜಗಲಿಯ ಮೇಲೆ ಕೂತಿದ್ದ ಯಜಮಾನರಿಗೆ ಹೇಳಿದೆ. ಅವರು ಬಗ್ಗಿ ಹಲಗೆಯ ಸಂದಿನಲ್ಲಿ ಕಾಣುವ ಕಪ್ಪು ಮರವನ್ನು ನೋಡಿದರು. ಆಮೇಲೆ, "ತಿಥಿ ದಿನ ನನ್ನ ಕರ್ಕಂಡೋಗು" ಎಂದರು. "ಮುಂಬಾಗ್ಲಲ್ಲೇ."

ಅರಳಿಕಟ್ಟೆಯ ಜನ ಎದ್ದು ನಿಂತು ನೋಡುತ್ತಿದ್ದರು. ಬಿಳಿ ಪಂಚೆ ಉಟ್ಟ ಯಜಮಾನರನ್ನು ಕುರ್ಚಿ ಸಮೇತ ಗೂಡ್ಸ್ ಆಟೋಗೆ ಹತ್ತಿಸಿದೆವು. ಈಗ ಹೇಗಿದೆ ಎಂದು ಯಾರೋ ಕೇಳಿದರು. "ಇಂಗದೆ" ಎಂದರು ಇವರು, ಅಷ್ಟೇ. ಆಚಾರ್ರ ಮನೆಯ ಹೊಸಿಲು ಎತ್ತರ, ಕುರ್ಚಿ ಹತ್ತುವಂತಿರಲಿಲ್ಲ. ಅವರ ಹೆಂಡತಿ ಒಳಗಿನಿಂದ ಒಂದು ಹಲಗೆ ತಂದು ಇಳಿಜಾರಾಗಿ ಇಟ್ಟರು. ಮೂರು ಸಲ ತಟ್ಟಿದರು. ಹತ್ತಿ ನಿಂತು ನೋಡಿದರು. ಆಮೇಲೆ ಏನೋ ನೆನಪಾದವರಂತೆ, "ನಿಂತ್ ನೋಡುದ್ರೆ ಸಾಲ್ದು ಅಂತಿದ್ರು" ಎಂದು, ಅದರ ಮೇಲೆ ಕೂತು, ಎರಡೂ ಕಾಲು ಮೇಲೆತ್ತಿಕೊಂಡರು. ಹಲಗೆ ಬಗ್ಗಲಿಲ್ಲ. ಎದ್ದು ದಾರಿ ಬಿಟ್ಟರು.

ಒಳಗೆ ನಾಲ್ಕು ಊರಿನ ಒಕ್ಕಲುಗಳು ಸೇರಿದ್ದರು, ಎಲ್ಲರೂ ಬ್ಯಾರನ್ ಇರುವವರೇ. ಯಜಮಾನರು ತಲೆಯೆತ್ತಿ ಆ ತೂತುಗಳನ್ನು ಈ ಕಡೆಯಿಂದ ಆ ಕಡೆಗೆ ನೋಡಿದರು. ಊಟಕ್ಕೆ ಎಲೆ ಹಾಕುವ ಮುಂಚೆ, ದೊಡ್ಡ ದನಿಯಲ್ಲಿ ಹೇಳಿದರು:

"ಎಲ್ರೂ ಕೇಳಿ. ನಾನ್ ಬಿದ್ದೆನಲ್ಲ, ಆ ಗಳ ಆಚಾರ್ರದ್ದಲ್ಲ. ಅವ್ರ ಗಳ ಕಿತ್ತು ನೀಲಗಿರಿ ಆಕ್ದೋನು ನಾನು. ಅವ್ರ ಗಳ ಇವತ್ತೂ ನನ್ ಕೊಟ್ಟಿಗೆ ಸೂರು ಹೊತ್ಕಂಡ್ ನಿಂತದೆ. ಬಂದ್ ನೋಡಿ ಬೇಕಾದ್ರೆ. ಇಷ್ಟು ದಿನ ಬಾಯಿ ಮುಚ್ಕಂಡಿದ್ದೆ. ಅದೂ ನಂದೇ ತಪ್ಪು."

ಒಬ್ಬಿಬ್ಬರು ನನ್ನ ಕಡೆ ತಿರುಗಿ ನೋಡಿದರು. ಆಚಾರ್ರ ಗಳ ಮುರೀತು ಅನ್ನುವ ಮಾತನ್ನು ಊರೂರಿಗೆ ಹೊತ್ತವಳು ಯಾರು ಎಂದು ಅವರಿಗೆ ಗೊತ್ತಿತ್ತು. ಬಾಗಿಲು ಹತ್ತಿರದಲ್ಲೇ ಇತ್ತು, ನನಗೆ ಕಾಲುಗಳಿದ್ದವು, ಎದ್ದು ಹೋಗಬಹುದಿತ್ತು. ನಾನು ಯಜಮಾನರ ಕುರ್ಚಿಯ ಪಕ್ಕ, ಅಂದು ರಾಗಿ ಚೆಲ್ಲಿದ್ದ ಆ ನೆಲದ ಮೇಲೆ ಕೂತೆ. ಕೂತುಕೊಂಡೇ ನನ್ನ ಪಾಲಿನದನ್ನೂ ಹೇಳಿದೆ.